ಗಾಡಿಯ ಕೊನೆಯ ಡಬ್ಬಿ

ರೈಲ್ವೆ ಗೇಟು ಬಿದ್ದಾಗ ಸೈಕಲ್ಲಿನಿಂದ ಇಳಿದು, ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸದ ಹುಡುಗರು ನಮ್ಮ ಭಾಗದಲ್ಲಿ ಇರಲಾರರು. ಸೊಲ್ಲಾಪುರದಿಂದ ವಾಡಿಯ ಕಡೆಗೆ ಹೊಟಗಿ, ಅಕ್ಕಲಕೋಟ ರೋಡ್, ದುಧನಿ ನಿಲ್ದಾಣಗಳನ್ನು ಹಾದು ಕಲ್ಲಿದ್ದಲು, ಸಿಮೆಂಟು ಹೊತ್ತ ಉದ್ದುದ್ದ ಗಾಡಿಗಳು ಹೋಗುತ್ತಲೇ ಇರುತ್ತವೆ. ಎಣಿಕೆ ಮುಗಿಯುವ ಹೊತ್ತಿಗೆ ಕೊನೆಯಲ್ಲೊಂದು ಗಿಡ್ಡ ಡಬ್ಬಿ ಬರುತ್ತದೆ. ಅದರಲ್ಲಿ ಹಸಿರು ಬಾವುಟ ಹಿಡಿದ ಒಬ್ಬರು ನಿಂತಿರುತ್ತಾರೆ. ನಾವು ಕೈ ಬೀಸಿದರೆ ಅವರೂ ಒಮ್ಮೊಮ್ಮೆ ಕೈ ಬೀಸುತ್ತಾರೆ. ನಾವು ಅವರನ್ನು ಗಾರ್ಡ್ ಎಂದೇ ಕರೆಯುತ್ತ ಬಂದಿದ್ದರೂ 2022ರಿಂದ ಅವರ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್ ಎಂದಾಗಿದೆ. ಅವರಿರುವ ಆ ಡಬ್ಬಿಗೆ ನಮ್ಮಲ್ಲಿ ಬ್ರೇಕ್ ವ್ಯಾನ್ ಎನ್ನುತ್ತಾರೆ. ಅಮೆರಿಕದಲ್ಲಿ ಇಂಥದೇ ಡಬ್ಬಿಗೆ 'ಕೆಬೂಸ್' ಎಂದು ಹೆಸರು.

ಈ ಕೆಬೂಸುಗಳನ್ನೂ ಹಳೆಯ ಸರಕು ವ್ಯಾಗನ್ನುಗಳನ್ನೂ ಹುಡುಕಿ, ಅವುಗಳ ಚರಿತ್ರೆಯನ್ನು ಬರೆದಿಡುವ ಜನ ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ. ತುಕ್ಕು ಹಿಡಿದ ಒಂದು ಡಬ್ಬಿಗೆ ಎಂಥ ಚರಿತ್ರೆ ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಮೊದಲು ಕೆಬೂಸ್ ಎಂದರೇನೆಂದು ನೋಡೋಣ. ಈ ಮಾತು ಹಡಗಿನವರದು. ಹಡಗಿನ ಅಡಿಗೆಮನೆಗೆ ಹಿಂದೆ ಈ ಹೆಸರಿತ್ತು. ರೈಲಿನ ಕೆಬೂಸಿನಲ್ಲಿಯೂ ಒಂದು ಒಲೆ, ಮಲಗಲು ಹಲಗೆಮಂಚ, ಕಾಗದಪತ್ರ ಬರೆಯಲು ಮೇಜು, ಕಂದೀಲು, ಬಾವುಟಗಳು ಇರುತ್ತಿದ್ದವು. ಅಲ್ಲಿ ಸರಕು ಗಾಡಿಯ ಯಜಮಾನನಿಗೆ ಕಂಡಕ್ಟರ್ ಎನ್ನುತ್ತಾರೆ. ಅವನೂ ಅವನ ಕೈಕೆಳಗಿನ ಬ್ರೇಕ್‌ಮನ್ನರೂ ಅದರಲ್ಲಿ ಇರುತ್ತಿದ್ದರು. ಬಹಳಷ್ಟು ಕೆಬೂಸುಗಳ ಮಾಳಿಗೆಯ ಮೇಲೆ ಕಿಟಕಿಗಳಿದ್ದ ಒಂದು ಚಿಕ್ಕ ಗೋಪುರವಿತ್ತು. ಅದರೊಳಗೆ ಎತ್ತರದಲ್ಲಿ ಕುಳಿತು ಇಡೀ ಗಾಡಿಯ ಮೇಲೆ ಕಣ್ಣಿಡಬಹುದಾಗಿತ್ತು. ಆಗಿನ ಗಾಲಿಗಳ ಅಚ್ಚುಗಳಿಗೆ ಎಣ್ಣೆಯಲ್ಲಿ ನೆನೆಸಿದ ನೂಲಿನ ಚಿಂದಿಯನ್ನು ತುರುಕುತ್ತಿದ್ದರು. ಎಣ್ಣೆ ಒಣಗಿದರೆ ಅಚ್ಚು ಕಾದು ಹೊಗೆಯೇಳುತ್ತಿತ್ತು, ಕೆಲವೊಮ್ಮೆ ಉರಿದು ಮುರಿಯುತ್ತಿತ್ತು. ಆ ಹೊಗೆಯನ್ನು ಮೊದಲು ಕಾಣುವುದು ಗೋಪುರದಲ್ಲಿ ಕುಳಿತವನ ಕೆಲಸ. ಗಾಡಿ ನಡುದಾರಿಯಲ್ಲಿ ನಿಂತರೆ ಬಾವುಟವನ್ನೋ ಕಂದೀಲನ್ನೋ ಹಿಡಿದು ಹಿಂದಕ್ಕೆ ನಡೆದು, ಹಿಂದಿನಿಂದ ಬರುವ ಗಾಡಿಯನ್ನು ತಡೆಯುವುದೂ ಕೆಬೂಸಿನವರ ಪಾಲಿಗೇ ಬರುತ್ತಿತ್ತು.

ಜನರು ಎಂಜಿನುಗಳನ್ನು ಪ್ರೀತಿಯಿಂದ ಉಳಿಸಿಕೊಂಡರು. ಸಿರಿವಂತರು ಕುಳಿತು ಹೋದ ಗಾಡಿಗಳನ್ನೂ ಉಳಿಸಿದರು. ಆದರೆ ಗೋಧಿ, ಕಲ್ಲಿದ್ದಲು, ಹತ್ತಿ, ದನ ಹೊತ್ತ ವ್ಯಾಗನ್ನುಗಳನ್ನು ಕೇಳುವವರಿರಲಿಲ್ಲ. 1974ಕ್ಕೆ ಮೊದಲು ತಯಾರಾದ ವ್ಯಾಗನ್ನುಗಳು ಒಂದು ಕಂಪನಿಯ ಹಳಿಯಿಂದ ಇನ್ನೊಂದರ ಹಳಿಗೆ ಹೋಗಲು ಅಲ್ಲಿ ಸಾಮಾನ್ಯವಾಗಿ 40 ವರ್ಷಗಳ ಮಿತಿ ಇತ್ತು. ಅದು ತೀರಿದ ಮೇಲೆ ಹೆಚ್ಚಿನವು ಗುಜರಿಗೆ ಹೋದವು. ಕೆಲವನ್ನು ರೈತರು ಕೊಂಡು, ಗಾಲಿ ತೆಗೆಸಿ, ಹೊಲದಲ್ಲಿ ಕಾಳುಕಡಿ ಇಡುವ ಕೋಣೆ ಮಾಡಿಕೊಂಡರು. ಕೆಬೂಸುಗಳು ಊರ ಉದ್ಯಾನಗಳಲ್ಲಿ, ಹೋಟೆಲುಗಳ ಮುಂದೆ ಬಂದು ನಿಂತವು. ಇಂಥ ಒಂದು ಡಬ್ಬಿಯ ಮುಂದೆ ನಿಂತು, ಇದು ಯಾವ ಕಂಪನಿಯದು, ಯಾವಾಗ ಮಾಡಿದ್ದು, ಏನು ಹೊತ್ತಿತ್ತು ಎಂದು ಯಾರಾದರೂ ಕೇಳಿದಾಗ ಸಂಶೋಧನೆ ಆರಂಭವಾಗುತ್ತದೆ.

ಮೊದಲನೆಯ ಸಾಕ್ಷಿ ಡಬ್ಬಿಯ ಮೈಮೇಲಿನ ಬರಹ. ಅಮೆರಿಕದ ಪ್ರತಿಯೊಂದು ವ್ಯಾಗನ್ನಿಗೂ ಒಡೆಯನನ್ನು ತಿಳಿಸುವ ಅಕ್ಷರಗಳೂ ಒಂದು ನಂಬರೂ ಇರುತ್ತವೆ. ಯು.ಪಿ. ಎಂದರೆ ಯೂನಿಯನ್ ಪೆಸಿಫಿಕ್, ಎ.ಟಿ.ಎಸ್.ಎಫ್. ಎಂದರೆ ಸಾಂಟಾ ಫೆ ಕಂಪನಿ. ಕೊನೆಯ ಅಕ್ಷರ ಎಕ್ಸ್ ಆಗಿದ್ದರೆ ಅದರ ಒಡೆಯ ರೈಲ್ವೆ ಕಂಪನಿಯಲ್ಲ, ಬೇರೆ ಯಾರೋ ಎಂದು ತಿಳಿಯಬೇಕು. ಎಣ್ಣೆಯ ಟ್ಯಾಂಕುಗಳ ಮೇಲೆ ಕಾಣುವ ಯು.ಟಿ.ಎಲ್.ಎಕ್ಸ್. ಇದಕ್ಕೆ ಉದಾಹರಣೆ. ಇದರ ಜೊತೆಗೆ ತಯಾರಾದ ತಿಂಗಳು ಮತ್ತು ವರ್ಷ, ಖಾಲಿ ತೂಕ, ಹೊರುವ ಶಕ್ತಿ, ಮರಳಿ ತೂಗಿದ ಸ್ಥಳ ಮತ್ತು ತಾರೀಖು ಇವನ್ನೂ ಬರೆದಿರುತ್ತಾರೆ. ಮೇಲಿನ ಬಣ್ಣವನ್ನು ಸಾವಕಾಶವಾಗಿ ಕೆರೆದರೆ ಕೆಳಗೆ ಹಳೆಯ ಕಂಪನಿಯ ಹೆಸರು, ಹಳೆಯ ನಂಬರು ಕಾಣಿಸಿಕೊಳ್ಳುವುದುಂಟು. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ಸುಣ್ಣದ ಪದರ ಎದ್ದಾಗ ಒಳಗಿನ ಬಣ್ಣ ಕಾಣುವ ಹಾಗೆಯೇ ಇದು.

ಆದರೆ ಇಲ್ಲೊಂದು ಮೋಸವಿದೆ. ಗಾಲಿಗಳನ್ನು ಹಿಡಿದಿರುವ ಎರಕದ ಚೌಕಟ್ಟಿನ ಮೇಲೆ ಎರಕ ಹೊಯ್ದ ಕಾರ್ಖಾನೆಯ ಗುರುತೂ ತಾರೀಖೂ ಇರುತ್ತವೆ. ಅದನ್ನೇ ನೋಡಿ ವ್ಯಾಗನ್ನಿನ ವಯಸ್ಸನ್ನು ಹೇಳಿಬಿಟ್ಟರೆ ತಪ್ಪಾಗಬಹುದು. ರಿಪೇರಿಯ ಕಾಲದಲ್ಲಿ ಒಂದು ವ್ಯಾಗನ್ನಿನ ಗಾಲಿಗಳು ಇನ್ನೊಂದರ ಕೆಳಗೆ ಬರುವುದು ಸಾಮಾನ್ಯ. ಎತ್ತಿನ ವಯಸ್ಸನ್ನು ನೊಗ ನೋಡಿ ಹೇಳಲಾಗದು.

ಎರಡನೆಯ ಸಾಕ್ಷಿ ಡಬ್ಬಿಯ ರಚನೆ. ಇಲ್ಲಿಯೇ ಈ ಚರಿತ್ರೆಯ ನೋವಿನ ಭಾಗ ಬರುತ್ತದೆ. ಹಿಂದೆ ಎರಡು ವ್ಯಾಗನ್ನುಗಳನ್ನು ಕೂಡಿಸಲು ಒಂದು ಕಬ್ಬಿಣದ ಕೊಂಡಿ ಮತ್ತು ಒಂದು ಗೂಟ ಇದ್ದವು. ಬ್ರೇಕ್‌ಮನ್ ಎರಡು ಡಬ್ಬಿಗಳ ನಡುವೆ ನಿಂತು, ಅವು ಒಂದಕ್ಕೊಂದು ಬಂದು ತಾಗುವ ಕ್ಷಣದಲ್ಲಿ ಕೈಯಿಂದ ಕೊಂಡಿಯನ್ನು ಹಿಡಿದು ಗೂಟ ಹಾಕಬೇಕಾಗಿತ್ತು. ಕ್ಷಣ ತಪ್ಪಿದರೆ ಬೆರಳು ಹೋಗುತ್ತಿತ್ತು, ಕೈ ಹೋಗುತ್ತಿತ್ತು, ಜೀವವೂ ಹೋಗುತ್ತಿತ್ತು. ಗಾಡಿಯನ್ನು ನಿಲ್ಲಿಸುವುದೂ ಇಷ್ಟೇ ಕಷ್ಟದ ಕೆಲಸ. ಎಂಜಿನ್ ಸೀಟಿ ಹೊಡೆದರೆ ಬ್ರೇಕ್‌ಮನ್ನರು ಓಡುವ ಗಾಡಿಯ ಮಾಳಿಗೆ ಹತ್ತಿ, ಒಂದೊಂದೇ ಡಬ್ಬಿಯ ಮೇಲೆ ಹಾರುತ್ತ, ಅಲ್ಲಿದ್ದ ಚಕ್ರವನ್ನು ತಿರುಗಿಸಿ ಬ್ರೇಕ್ ಬಿಗಿಯಬೇಕಾಗಿತ್ತು. ಮಳೆಯಲ್ಲಿ, ಮಂಜಿನಲ್ಲಿ, ಕತ್ತಲೆಯಲ್ಲಿ ಆ ಕಿರಿದಾದ ಹಲಗೆಯ ಮೇಲಿನಿಂದ ಜಾರಿ ಬಿದ್ದವರು ಅನೇಕರು.

ಇದಕ್ಕೆ ಉಪಾಯಗಳು ಇರಲಿಲ್ಲವೆಂದಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿಯೇ ಗಾಳಿಯ ಒತ್ತಡದಿಂದ ನಡೆಯುವ ಬ್ರೇಕಿಗೆ ಪೇಟೆಂಟ್ ಪಡೆದಿದ್ದನು. ಎಲೈ ಜಾನಿ ಎಂಬವನು 1873ರಲ್ಲಿ, ಬಾಗಿಸಿದ ಬೆರಳುಗಳು ಒಂದನ್ನೊಂದು ಹಿಡಿದುಕೊಂಡಂತೆ ತಾನಾಗಿಯೇ ಕೂಡಿಕೊಳ್ಳುವ ಕೊಂಡಿಗೆ ಪೇಟೆಂಟ್ ಪಡೆದನು. ಆದರೆ ಲಕ್ಷಾಂತರ ವ್ಯಾಗನ್ನುಗಳಿಗೆ ಇವನ್ನು ಜೋಡಿಸಲು ಹಣ ಬೇಕು. ಕಂಪನಿಗಳು ಮೀನಮೇಷ ಎಣಿಸಿದವು. ಅಯೋವಾ ರಾಜ್ಯದ ಲೊರೆಂಜೊ ಕಾಫಿನ್ ಎಂಬ ರೈತ ಈ ಕಾರ್ಮಿಕರಿಗಾಗಿ ವರ್ಷಗಟ್ಟಲೆ ಊರೂರು ತಿರುಗಿ ವಾದಿಸಿದನು. ಯುದ್ಧಕಾಲದ ಸೈನಿಕನಿಗೆ ಇರುವಷ್ಟೇ ಅಪಾಯ ದುಡಿಯುವ ಮನುಷ್ಯನಿಗೂ ಇರುವುದು ನಾಗರಿಕತೆಗೆ ನಾಚಿಕೆಗೇಡು ಎಂಬ ಅರ್ಥದ ಮಾತನ್ನು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ 1889ರಲ್ಲಿ ಹೇಳಿದನು. ಕೊನೆಗೆ 1893ರ ಮಾರ್ಚ್ 2ರಂದು ಸುರಕ್ಷತಾ ಸಾಧನಗಳ ಕಾನೂನಿಗೆ ಅವನೇ ಸಹಿ ಹಾಕಿದನು. ಅದು ಪೂರ್ತಿಯಾಗಿ ಜಾರಿಗೆ ಬರಲು 1900ರವರೆಗೆ ಕಾಯಬೇಕಾಯಿತು. ಏಣಿ ಎಲ್ಲಿರಬೇಕು, ಹಿಡಿಕೆ ಎಲ್ಲಿರಬೇಕು, ಕಾಲಿಡುವ ಮೆಟ್ಟಿಲು ಹೇಗಿರಬೇಕು ಎಂಬ ನಿಯಮಗಳು 1911ರಲ್ಲಿ ಬಂದವು. 1933ರಿಂದ ಹೊಸ ವ್ಯಾಗನ್ನುಗಳಿಗೆ ಸುಧಾರಿಸಿದ ಗಾಳಿ ಬ್ರೇಕ್ ಬಂದಿತು. 1966ರಿಂದ ಹೊಸ ಮುಚ್ಚುಡಬ್ಬಿಗಳಿಗೆ ಮಾಳಿಗೆಯ ಮೇಲಿನ ನಡೆಹಲಗೆ ಬೇಕಿಲ್ಲವೆಂದಾಯಿತು.

ಆದ್ದರಿಂದ ತಿಳಿದವನೊಬ್ಬನು ಹಳೆಯ ಡಬ್ಬಿಯ ಏಣಿ, ಕೊಂಡಿ, ಬ್ರೇಕ್, ಮಾಳಿಗೆ ಇವನ್ನು ನೋಡಿಯೇ ಅದು ಸುಮಾರು ಯಾವ ಕಾಲದ್ದೆಂದು ಹೇಳಬಲ್ಲನು. ಅಲ್ಲಿಯ ಒಂದೊಂದು ಹಿಡಿಕೆಯ ಹಿಂದೆಯೂ ಹಿಡಿಕೆಯಿಲ್ಲದೆ ಬಿದ್ದ ಮನುಷ್ಯರಿದ್ದಾರೆ. ಕಬ್ಬಿಣದ ಡಬ್ಬಿಗೆ ಚರಿತ್ರೆ ಇದೆಯೆನ್ನುವುದು ಈ ಕಾರಣಕ್ಕೇ.

ಮೂರನೆಯ ಸಾಕ್ಷಿ ಕಾಗದಪತ್ರ. ಯಾವ ಕಂಪನಿಯಲ್ಲಿ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಎಂಥ ವ್ಯಾಗನ್ನುಗಳಿವೆ, ಅವುಗಳ ಒಳ ಅಳತೆ ಎಷ್ಟು, ಹೊರುವ ಭಾರ ಎಷ್ಟು ಎಂಬುದನ್ನೆಲ್ಲ ಅಚ್ಚು ಹಾಕುವ ಒಂದು ದೊಡ್ಡ ರಿಜಿಸ್ಟರ್ 1880ರ ದಶಕದಿಂದ ಅಲ್ಲಿ ಪ್ರಕಟವಾಗುತ್ತ ಬಂದಿತು. ವ್ಯಾಗನ್ನುಗಳ ಭಾಗಗಳ ಹೆಸರುಗಳನ್ನು ಚಿತ್ರಗಳೊಡನೆ ವಿವರಿಸುವ ನಿಘಂಟು 1879ರಲ್ಲಿ ಮೊದಲು ಹೊರಬಂದಿತು. 1913ರ ಕಾನೂನಿನ ಪ್ರಕಾರ ಸರ್ಕಾರವು ಎಲ್ಲ ರೈಲ್ವೆಗಳ ಆಸ್ತಿಯ ಮೌಲ್ಯವನ್ನು ಲೆಕ್ಕ ಹಾಕಿಸಿತು. ಆ ಕಾಗದಗಳು ಸಂಶೋಧಕರಿಗೆ ದೊಡ್ಡ ಭಂಡಾರ. ಛಾಯಾಚಿತ್ರಗಳೂ ಅಷ್ಟೇ ಮುಖ್ಯ. ಜ್ಯಾಕ್ ಡೆಲಾನೊ ಎಂಬ ಛಾಯಾಗ್ರಾಹಕ 1942 ಮತ್ತು 1943ರಲ್ಲಿ ಸರ್ಕಾರದ ಪರವಾಗಿ ಶಿಕಾಗೊದ ರೈಲ್ವೆ ಯಾರ್ಡುಗಳಲ್ಲಿ ತೆಗೆದ ಚಿತ್ರಗಳು ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಕೆಬೂಸಿನ ಒಳಗೆ ಮೇಜಿನ ಮುಂದೆ ಕುಳಿತು ಕೆಲಸ ಮಾಡುವ ಕಂಡಕ್ಟರನನ್ನೂ ಕಾಣಬಹುದು. ಈ ಬಗೆಯ ಸಾಮಗ್ರಿಯನ್ನೆಲ್ಲ ಜೀವಮಾನವಿಡೀ ಅಭ್ಯಾಸ ಮಾಡಿ ಜಾನ್ ವೈಟ್ ಎಂಬ ವಿದ್ವಾಂಸರು ಅಮೆರಿಕದ ಸರಕು ವ್ಯಾಗನ್ನುಗಳನ್ನು ಕುರಿತು 1993ರಲ್ಲಿ ಒಂದು ಬೃಹದ್ಗ್ರಂಥವನ್ನು ಹೊರತಂದರು.

ಈ ಮೂರು ಸಾಕ್ಷಿಗಳನ್ನು ಹೇಗೆ ಕೂಡಿಸುತ್ತಾರೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಂದು ಹೊಲದಲ್ಲಿ ಗಾಲಿಯಿಲ್ಲದ ಮುಚ್ಚುಡಬ್ಬಿ ಇದೆಯೆಂದುಕೊಳ್ಳಿ. ಗೋಡೆ ಮರದ್ದು, ಅದರ ಉಕ್ಕಿನ ಓರೆಪಟ್ಟಿಗಳು ಹೊರಗೇ ಕಾಣುತ್ತವೆ. ಒಳಗಿನ ಉದ್ದ 40 ಅಡಿ 6 ಅಂಗುಲ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ 1917ರ ಡಿಸೆಂಬರ್ ಕೊನೆಗೆ ರೈಲ್ವೆಗಳನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡು, 1918ರಲ್ಲಿ ಒಂದೇ ಮಾದರಿಯ ವ್ಯಾಗನ್ನುಗಳನ್ನು ಸಾವಿರಗಟ್ಟಲೆ ಮಾಡಿಸಿತು. ಅವುಗಳಲ್ಲಿ ಇಂಥ ರಚನೆಯ 50 ಟನ್ನಿನ ಮುಚ್ಚುಡಬ್ಬಿಯೂ ಒಂದು. ಹಾಗಾದರೆ ಇದು ಅವುಗಳಲ್ಲೊಂದು ಇರಬಹುದೇ ಎಂಬ ಊಹೆ ಹುಟ್ಟುತ್ತದೆ. ಅಷ್ಟಕ್ಕೇ ನಿಲ್ಲಬಾರದು. ಮಾಸಿದ ನಂಬರನ್ನು ಓದಿ, ರಿಜಿಸ್ಟರಿನಲ್ಲಿ ಆ ಸಾಲು ಇದೆಯೇ, ಅಳತೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಮುಂದಿನ ವರ್ಷಗಳ ರಿಜಿಸ್ಟರಿನಲ್ಲಿ ಆ ಸಾಲಿನ ಸಂಖ್ಯೆ ಕಡಿಮೆಯಾಗುತ್ತ ಹೋಗಿ ಒಂದು ವರ್ಷ ಮಾಯವಾದರೆ, ಅವುಗಳನ್ನು ಯಾವಾಗ ತೆಗೆದುಹಾಕಿದರೆಂಬುದೂ ಗೊತ್ತಾಗುತ್ತದೆ. ಮೈಮೇಲಿನ ಬರಹ, ರಚನೆ, ಕಾಗದ ಈ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಅದನ್ನು ನಿಜವೆಂದು ಬರೆಯಬೇಕು.

ಕಥೆಗಳ ವಿಷಯದಲ್ಲಿ ಎಚ್ಚರ ಬೇಕು. ಕೆಬೂಸಿನ ಗೋಪುರ ಹೇಗೆ ಹುಟ್ಟಿತೆಂಬುದಕ್ಕೆ ಒಂದು ಕಥೆಯಿದೆ. 1863ರಲ್ಲಿ ಒಬ್ಬ ಕಂಡಕ್ಟರನಿಗೆ ಮಾಳಿಗೆಯಲ್ಲಿ ತೂತಿದ್ದ ಡಬ್ಬಿ ಸಿಕ್ಕಿತಂತೆ. ಅವನು ಪೆಟ್ಟಿಗೆಗಳ ಮೇಲೆ ಹತ್ತಿ, ತೂತಿನಿಂದ ತಲೆ ಹೊರಗೆ ಹಾಕಿ ನೋಡಿದನಂತೆ. ಗಾಡಿಯೆಲ್ಲ ಚೆನ್ನಾಗಿ ಕಂಡಿತಂತೆ. ಅಂದಿನಿಂದ ಗೋಪುರ ಬಂದಿತಂತೆ. ಕೇಳಲು ಸೊಗಸಾಗಿದೆ. ಆದರೆ ಸಂಶೋಧಕನು ಅದನ್ನು ಕಥೆಯೆಂದೇ ಬರೆದಿಡುತ್ತಾನೆ. 'ಅಂತೆ'ಗೂ 'ಇದೆ'ಗೂ ಇರುವ ಅಂತರವನ್ನು ಅರಿಯುವುದೇ ಚರಿತ್ರೆಯ ಮೊದಲ ಪಾಠ.

ಕೆಬೂಸಿನ ಕಾಲ ಮುಗಿದ ಬಗೆಯೂ ತಿಳಿಯತಕ್ಕದ್ದು. ಅಚ್ಚು ಕಾದರೆ ಹಳಿಯ ಬದಿಯ ಯಂತ್ರಗಳೇ ತಿಳಿಸುವಂತಾಯಿತು. ಗಾಡಿಯ ತುದಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ ಬ್ರೇಕಿನ ಗಾಳಿಯ ಒತ್ತಡವನ್ನು ರೇಡಿಯೋ ಮೂಲಕ ಎಂಜಿನ್ನಿಗೆ ತಿಳಿಸತೊಡಗಿತು. 1982ರಲ್ಲಿ ಕಾರ್ಮಿಕರಿಗೂ ಕಂಪನಿಗಳಿಗೂ ಆದ ಒಪ್ಪಂದದ ನಂತರ ಕೆಬೂಸುಗಳು ಬೇಗ ಬೇಗ ಮರೆಯಾದವು. ಯಂತ್ರದಿಂದ ಖರ್ಚು ಉಳಿಯಿತು, ಕೆಲವು ಅಪಾಯಗಳೂ ಕಡಿಮೆಯಾದವು. ಆದರೆ ಪೆಟ್ಟಿಗೆಯು ಗೇಟಿನ ಬಳಿ ನಿಂತ ಮಕ್ಕಳಿಗೆ ಕೈ ಬೀಸಲಾರದು.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮ ಈ ಹಳಿ ಸೊಲ್ಲಾಪುರವನ್ನು ಮುಟ್ಟಿದ್ದು 1860ರಲ್ಲಿ. 1871ರಲ್ಲಿ ಅದು ರಾಯಚೂರಿನಲ್ಲಿ ಮದ್ರಾಸಿನ ಕಡೆಯ ಹಳಿಯನ್ನು ಕೂಡಿತು. ನಮ್ಮ ಜಿಲ್ಲೆಯ ಬಾರ್ಸಿ ಲೈಟ್ ರೈಲ್ವೆಯನ್ನು 1897ರಲ್ಲಿ ಆರಂಭಿಸಿದ ಎವರಾರ್ಡ್ ಕ್ಯಾಲ್ತ್ರಾಪ್, ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಒಂದೊಂದು ಅಚ್ಚಿಗೂ 5 ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಎಂಜಿನ್, ವ್ಯಾಗನ್ ಎಲ್ಲವನ್ನೂ ಯೋಜಿಸಿದ್ದನು. ಕುರ್ಡುವಾಡಿಯಿಂದ ಪಂಢರಪುರಕ್ಕೆ ಭಕ್ತರನ್ನು ಕರೆದೊಯ್ದ ಆ ಚಿಕ್ಕ ಗಾಡಿ ಈ ಶತಮಾನದ ಆರಂಭದಲ್ಲಿ ಬ್ರಾಡ್‌ಗೇಜಿಗೆ ಜಾಗ ಬಿಟ್ಟಿತು. ಹೊಟಗಿಯಿಂದ ಗದಗಿನ ಕಡೆಗೆ ಹೋಗುತ್ತಿದ್ದ ಮೀಟರ್‌ಗೇಜ್ ಹಳಿಯೂ ಈಗಿಲ್ಲ. ದಿಲ್ಲಿಯ ರೈಲು ವಸ್ತುಸಂಗ್ರಹಾಲಯ 1977ರಲ್ಲಿ, ಮೈಸೂರಿನದು 1979ರಲ್ಲಿ ಆರಂಭವಾದವು. ಅಲ್ಲಿ ಕೆಲವು ಡಬ್ಬಿಗಳು ಉಳಿದಿವೆ. ಆದರೆ ಅವುಗಳಲ್ಲಿ ದುಡಿದವರ ನೆನಪುಗಳು ನಮ್ಮ ನಮ್ಮ ಊರುಗಳಲ್ಲಿವೆ.

ವಿದ್ಯಾರ್ಥಿಗಳೇ, ನಿಮ್ಮ ಓಣಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಅಜ್ಜಂದಿರು ಯಾರಾದರೂ ಇದ್ದೇ ಇರುತ್ತಾರೆ. ಗಾರ್ಡ್ ಆಗಿದ್ದವರು, ಹಮಾಲರಾಗಿದ್ದವರು, ಗ್ಯಾಂಗಿನಲ್ಲಿ ದುಡಿದವರು. ಒಂದು ವಹಿ ಹಿಡಿದು ಅವರ ಬಳಿಗೆ ಹೋಗಿರಿ. ಯಾವ ವರ್ಷ, ಯಾವ ನಿಲ್ದಾಣ, ಏನು ಹೊರುತ್ತಿದ್ದಿರಿ, ರಾತ್ರಿ ಏನು ಉಣ್ಣುತ್ತಿದ್ದಿರಿ ಎಂದು ಕೇಳಿ ಬರೆದುಕೊಳ್ಳಿರಿ. ಹಳಿಯ ಹತ್ತಿರ ಮಾತ್ರ ಹೋಗಬೇಡಿರಿ. ಗೇಟಿನ ಈಚೆ ನಿಂತೇ ವ್ಯಾಗನ್ನಿನ ಮೇಲಿನ ಬರಹವನ್ನು ಓದಲು ಕಲಿಯಿರಿ. ಹಳೆಯ ಡಬ್ಬಿ ಗುಜರಿಗೆ ಹೋದರೆ ಅದರ ಚಿತ್ರವಾದರೂ ಉಳಿದೀತು. ಮುದುಕರ ನೆನಪು ಹೋದರೆ ಅದನ್ನು ಯಾವ ರಿಜಿಸ್ಟರಿನಲ್ಲಿಯೂ ಹುಡುಕಲಾಗದು.

ಮುಂದಿನ ಸಲ ಗೇಟು ಬಿದ್ದಾಗ ಡಬ್ಬಿಗಳನ್ನು ಎಣಿಸಿರಿ. ಕೊನೆಯ ಡಬ್ಬಿ ಬಂದಾಗ ಕೈ ಬೀಸುವುದನ್ನು ಮರೆಯಬೇಡಿರಿ.