ಕೇಳಿಸಿದರೆ ಸಾಲದು, ಅರ್ಥವಾಗಬೇಕು

ದೆಹಲಿಯಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಹರಿಯಾಣದ ಚರ್ಖಿ ದಾದ್ರಿ ಇದೆ. 1996ರ ನವೆಂಬರ್ 12ರ ಸಂಜೆ ಅಲ್ಲಿನ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದು ಹೊಲಗಳಿಗೆ ಉದುರಿದವು. 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಅನೇಕರು ದುಡಿಮೆಗಾಗಿ ಸೌದಿಗೆ ಹೊರಟಿದ್ದ ನಮ್ಮ ದೇಶದವರೇ.

ಸೌದಿಯ ಬೋಯಿಂಗ್ 747 ದೆಹಲಿಯಿಂದ ಮೇಲೇರುತ್ತಿತ್ತು. ಕಜಕಸ್ತಾನದ ಇಲ್ಯೂಷಿನ್ 76 ದೆಹಲಿಗೆ ಇಳಿಯುತ್ತಿತ್ತು. ಆಗ ಬರುವ, ಹೋಗುವ ವಿಮಾನಗಳಿಗೆಲ್ಲ ಒಂದೇ ದಾರಿ. ನಿಯಂತ್ರಕರು ಸೌದಿ ವಿಮಾನಕ್ಕೆ 14,000 ಅಡಿ, ಕಜಕ್ ವಿಮಾನಕ್ಕೆ 15,000 ಅಡಿ ಎಂದು ಎತ್ತರ ಗೊತ್ತುಮಾಡಿದ್ದರು. ಎದುರಿನಿಂದ ಬೋಯಿಂಗ್ ಬರುತ್ತಿದೆ, ಕಂಡರೆ ತಿಳಿಸಿ ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆದರೂ ಕಜಕ್ ವಿಮಾನ 15,000 ಅಡಿಯಲ್ಲಿ ನಿಲ್ಲದೆ ಕೆಳಗಿಳಿಯಿತು.

ಆ ವಿಮಾನದಲ್ಲಿ ರೇಡಿಯೋದಲ್ಲಿ ಮಾತಾಡುವವನೇ ಬೇರೆ, ವಿಮಾನ ಓಡಿಸುವವರೇ ಬೇರೆ. ಹಿಂದೆ ಕೂತ ರೇಡಿಯೋ ಆಪರೇಟರ್ ಎತ್ತರ ತಿಳಿಯಬೇಕಾದರೆ ಪೈಲಟ್‌ಗಳ ಹೆಗಲ ಮೇಲಿಂದ ಇಣುಕಬೇಕಿತ್ತು. ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಅವರ ತನಿಖಾ ವರದಿ, ಕಜಕ್ ಸಿಬ್ಬಂದಿಗೆ ಇಂಗ್ಲಿಷ್ ಸಾಕಷ್ಟು ಬಾರದೆ ಸೂಚನೆ ಸರಿಯಾಗಿ ಅರ್ಥವಾಗದಿದ್ದುದನ್ನು ಎತ್ತಿ ತೋರಿಸಿತು. ದೆಹಲಿಯಲ್ಲಿ ಬಳಕೆಯಲ್ಲಿದ್ದ ರಾಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂದಲ್ಲ. ಪೈಲಟ್ ಹೇಳಿದ್ದನ್ನು ನಂಬುವುದಷ್ಟೇ ನಿಯಂತ್ರಕರಿಗೆ ಉಳಿದ ದಾರಿ.

ಇಬ್ಬರಿಗೂ ಇಂಗ್ಲಿಷ್ ಬಂದರೂ ಎಡವಟ್ಟು ತಪ್ಪದು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಕೆಎಲ್‌ಎಂ ವಿಮಾನ ಅನುಮತಿ ಸಿಗುವ ಮೊದಲೇ ರನ್‌ವೇಯಲ್ಲಿ ಓಟ ಶುರುಮಾಡಿತು. ನಿಯಂತ್ರಕರು 'ಓಕೆ' ಎಂದು, ಸ್ವಲ್ಪ ತಡೆದು, ಕಾಯಿರಿ ಎಂದರು. ಅದೇ ಕ್ಷಣಕ್ಕೆ ಪ್ಯಾನ್ ಆಮ್ ಪೈಲಟ್ ಕೂಡ ಮಾತಾಡಿದ್ದರಿಂದ ಕೆಎಲ್‌ಎಂಗೆ 'ಓಕೆ' ಮಾತ್ರ ಸ್ಪಷ್ಟವಾಗಿ ಕೇಳಿಸಿ, ಉಳಿದದ್ದು ಕೀರಲು ಸದ್ದಿನಲ್ಲಿ ಮುಳುಗಿತು. ಮಂಜಿನಲ್ಲಿ ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು.

ಇಂಥ ಸಾವುಗಳಿಂದಲೇ ನಿಯಮಗಳು ಬಿಗಿಯಾದವು. ಎತ್ತರದಂಥ ಮುಖ್ಯ ಸೂಚನೆಗಳಿಗೆ ಬರೀ 'ಸರಿ' ಎಂದರೆ ಸಾಲದು. ಪೈಲಟ್ ಅದನ್ನು ಮರಳಿ ಒಪ್ಪಿಸಬೇಕು, ನಿಯಂತ್ರಕರು ಕಿವಿಗೊಟ್ಟು ತಪ್ಪಿದ್ದರೆ ತಿದ್ದಬೇಕು. 'ಟೇಕಾಫ್' ಪದವನ್ನು ಆ ಅನುಮತಿ ಕೊಡುವಾಗ ಅಥವಾ ಹಿಂಪಡೆಯುವಾಗ ಮಾತ್ರ ಬಳಸಬೇಕು. 2008ರಿಂದ ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳು, ನಿಯಂತ್ರಕರು ಇಂಗ್ಲಿಷ್ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ದೆಹಲಿಯಲ್ಲಿ ಬರುವ, ಹೋಗುವ ದಾರಿಗಳು ಬೇರೆಯಾದವು, ಎತ್ತರ ತೋರಿಸುವ ರಾಡಾರ್ ಬಂತು. ಡಿಕ್ಕಿಯ ಅಪಾಯವನ್ನು ಪೈಲಟ್‌ಗೆ ನೇರವಾಗಿ ತಿಳಿಸುವ ಟಿಕಾಸ್ ಉಪಕರಣ ಕಡ್ಡಾಯವಾಯಿತು.

ಹಬ್ಬಕ್ಕೆಂದು ಊರಿಗೆ ಹಾರುವಾಗ ಕಾಕ್‌ಪಿಟ್‌ನ ಮಾತು ನಮಗೆ ಕೇಳಿಸುವುದಿಲ್ಲ. ಆದರೆ ಅಲ್ಲಿ ಯಾರೋ ಒಂದು ಸಂಖ್ಯೆಯನ್ನು ಮರಳಿ ಒಪ್ಪಿಸುತ್ತಿರುತ್ತಾರೆ, ಕೆಳಗೆ ಇನ್ಯಾರೋ ಅದು ಸರಿಯೇ ಎಂದು ಆಲಿಸುತ್ತಿರುತ್ತಾರೆ.