ವಾರಸುದಾರರಿಲ್ಲದ ದೂರುಗಳು

ಮಾಮೂಲ್‌ಪೇಟೆಯಲ್ಲಿ ಅಂಗಡಿಯೊಂದು ಕೈಬದಲಾದರೆ ಹೊಸ ಯಜಮಾನನು ಬೀಗದ ಕೈಯೊಡನೆ ಬಾಕಿಯ ಖಾತೆಯನ್ನೂ ಕೇಳಿ ಪಡೆಯುತ್ತಾನೆ. ಸರಕಾರದ ಕಚೇರಿಯಲ್ಲಿ ಅಧಿಕಾರಿಗೆ ವರ್ಗವಾದರೆ, ಛಾರ್ಜು ವಹಿಸಿಕೊಂಡವರು ಬಾಕಿ ಕಡತಗಳಿಗೂ ಜವಾಬುದಾರರಾಗುತ್ತಾರೆ. ಈ ಸತ್ಸಂಪ್ರದಾಯವು ಇನ್ನೂ ದೃಢವಾಗಿ ನೆಲೆಗೊಳ್ಳದ ಕ್ಷೇತ್ರವೊಂದುಂಟು. ಬಹುಮಟ್ಟಿಗೆ ಸ್ವಯಂಸೇವಕರು ಕಟ್ಟಿ, ಸರ್ವರ ಉಪಯೋಗಕ್ಕೆ ಬಿಟ್ಟುಕೊಟ್ಟಿರುವ ಮುಕ್ತ ತಂತ್ರಾಂಶವೇ ಅದು.

ಇಂತಹ ತಂತ್ರಾಂಶದಲ್ಲಿ ದೋಷ ಕಂಡವರು ಅದರ ವಿವರವನ್ನು ಬರೆದು ಬಹಿರಂಗ ದಫ್ತರದಲ್ಲಿ ದಾಖಲು ಮಾಡುತ್ತಾರೆ. ಆ ಭಾಗವನ್ನು ನೋಡಿಕೊಳ್ಳುತ್ತಿದ್ದ ಪಾಲಕನು ಉದ್ಯೋಗದ ಕಾರಣದಿಂದಲೋ ಸಂಸಾರದ ಕಾರಣದಿಂದಲೋ ದೂರವಾದನೆಂದರೆ ದೂರು ಅನಾಥವಾಗುತ್ತದೆ. ಸಂಬಳವಿಲ್ಲದೆ ದುಡಿದವನನ್ನು ನಾವು ದೂಷಿಸಲಾರೆವು. ಆದರೆ ಅವನ ತರುವಾಯ ಯಾರು ಎಂಬ ಪ್ರಶ್ನೆಯನ್ನು ಕೇಳದಿರಲೂ ಆರೆವು.

ಇದರಿಂದ ಕನ್ನಡಿಗರಿಗೇನು ಎಂದು ನಮ್ಮ ವಾಚಕರು ಕೇಳಬಹುದು. ‘ರ‍್ಯಾಂಕ್’ ಎಂಬ ಮಾತನ್ನೇ ನೋಡೋಣ. ಯೂನಿಕೋಡ್ ನಿಯಮದಂತೆ ರಕಾರಕ್ಕೂ ಹಲಂತ ಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನಿಟ್ಟರೆ, ಅರ್ಕಾವತ್ತು ಬಾರದೆ, ರಕಾರಕ್ಕೆ ಯಕಾರದ ಒತ್ತು ಬರಬೇಕು. ಅಕ್ಷರರೂಪಕ್ಕಾಗಲಿ ಅಕ್ಷರ ಜೋಡಿಸುವ ತಂತ್ರಾಂಶಕ್ಕಾಗಲಿ ಈ ನಿಯಮ ತಿಳಿಯದಿದ್ದರೆ ಅರ್ಕಾವತ್ತೇ ಬಂದು ಕೂರುತ್ತದೆ. ತಪ್ಪು ಅಕ್ಷರರೂಪದ್ದೆಂದು ಇವರು, ಜೋಡಣೆಯದೆಂದು ಅವರು. ದೂರು ಮಾತ್ರ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಅಷ್ಟರಲ್ಲಿ ಜನರು ಯಂತ್ರದ ತಪ್ಪಿಗೆ ತಮ್ಮ ಕಾಗುಣಿತವನ್ನೇ ಹೊಂದಿಸಿಕೊಳ್ಳುತ್ತಾರೆ. ಯಂತ್ರದ ದೋಷವು ಭಾಷೆಯ ರೂಢಿಯಾಗುವುದಕ್ಕಿಂತ ಶೋಚನೀಯವಾದುದು ಮತ್ತಾವುದು?

ಅನಾಥ ದೂರುಗಳ ವಿಷಯದಲ್ಲಿ ಎರಡು ಬಗೆಯ ಪದ್ಧತಿಗಳು ಕಾಣುತ್ತವೆ. ಫೆಡೋರಾ ಸಂಸ್ಥೆಯವರು ತಮ್ಮ ಪ್ರತಿಯೊಂದು ಆವೃತ್ತಿಯನ್ನೂ ಸುಮಾರು 13 ತಿಂಗಳು ಪೋಷಿಸಿ, ಅವಧಿ ತೀರಿದೊಡನೆ ಅದರ ಮೇಲಿನ ದೂರುಗಳನ್ನು, ಮುಂಚಿತವಾಗಿ ತಿಳುವಳಿಕೆ ಕೊಟ್ಟು, ಮುಚ್ಚುತ್ತಾರೆ. ಹೊಸ ಆವೃತ್ತಿಯಲ್ಲಿಯೂ ದೋಷವಿದೆಯೆಂದು ಯಾರಾದರೂ ತಿಳಿಸಿದರೆ ಮಾತ್ರ ಅದು ಉಳಿಯುತ್ತದೆ. 1993ರಲ್ಲಿ ಆರಂಭವಾದ ಡೆಬಿಯನ್‌ನವರಾದರೋ ಪಾಲಕರಿಲ್ಲದ ತಂತ್ರಾಂಶಗಳ ಪಟ್ಟಿಯನ್ನು ಬಹಿರಂಗವಾಗಿಟ್ಟು, ಹೊಸಬರು ದತ್ತು ತೆಗೆದುಕೊಳ್ಳುವವರೆಗೆ ಅವುಗಳ ಮೇಲ್ವಿಚಾರಣೆಯನ್ನು ಒಂದು ಗುಣಪಾಲನಾ ಮಂಡಲಿಗೆ ಒಪ್ಪಿಸಿದ್ದಾರೆ. ಮೊದಲನೆಯದು ದಫ್ತರವನ್ನು ಹಗುರ ಮಾಡುತ್ತದೆ. ಎರಡನೆಯದು ಹೊಣೆಯನ್ನು ಹೆಸರಿಸುತ್ತದೆ. ನಮ್ಮ ಒಲವು ಎರಡನೆಯದರ ಕಡೆಗೆ. ದೂರು ಮುಚ್ಚಿದ ಮಾತ್ರಕ್ಕೆ ದೋಷ ನೀಗಿತೆಂದು ತಿಳಿಯುವುದು ಆತ್ಮವಂಚನೆ.

ಎಲ್ಲ ದೂರುಗಳನ್ನೂ ಶಾಶ್ವತವಾಗಿ ಕಾಪಾಡಬೇಕೆಂದು ನಾವು ಹೇಳುವುದಿಲ್ಲ. ದೋಷವು ಹೊಸ ಆವೃತ್ತಿಯಲ್ಲಿ ಇನ್ನೂ ಕಾಣುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು. ಕಂಡರೆ, ಆವೃತ್ತಿಯನ್ನೂ ಅಕ್ಷರರೂಪದ ಹೆಸರನ್ನೂ ಬರೆದು, ಚಿತ್ರದೊಡನೆ ತಪ್ಪಿದ ಪದವನ್ನೂ ಅಕ್ಷರಗಳಲ್ಲಿಯೇ ಕೊಡಬೇಕು. ಒಂದೇ ದೋಷದ ಹಲವು ದೂರುಗಳನ್ನು ಒಂದುಗೂಡಿಸಬೇಕು. ತಿದ್ದಲಾಗದುದನ್ನು ತಿದ್ದಲಾಗದೆಂದು ಕಾರಣಸಹಿತ ಹೇಳಿ ಮುಚ್ಚಬೇಕು. ಇದಿಷ್ಟಕ್ಕೂ ಯಂತ್ರವಿದ್ಯೆಯ ಪಾಂಡಿತ್ಯ ಅನಾವಶ್ಯಕ. ಒತ್ತು ತಪ್ಪಿದೆಯೆಂದು ಹೇಳಲು ಬೇಕಾದುದು ಕನ್ನಡ ಬಲ್ಲ ಕಣ್ಣು. ಪರದೇಶದ ನಿಪುಣನಲ್ಲಿ ಇಲ್ಲದಿರುವುದು ಅದೊಂದೇ.

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ ಪೂರ್ಣವಾದುದು 1995ರಲ್ಲಿ. ಅದಕ್ಕಾಗಿ ಶ್ರಮಿಸಿದ ಡಿ. ಎಲ್. ನರಸಿಂಹಾಚಾರ್ಯರು 1971ರಲ್ಲಿಯೇ ತೀರಿಕೊಂಡಿದ್ದರು. ಹಿಂದಿನವರು ಬಿಟ್ಟುಹೋದ ಕೆಲಸವನ್ನು ಮುಂದಿನವರು ತಮ್ಮದೆಂದು ಎತ್ತಿಕೊಂಡುದರಿಂದಲೇ ಆ ಗ್ರಂಥ ನಮ್ಮ ಕೈಸೇರಿತು. ನಮ್ಮ ಕಾಲೇಜುಗಳ ತರುಣರೂ ವಿಶ್ರಾಂತರಾದ ಅಧಿಕಾರಿಗಳೂ ಉಪಾಧ್ಯಾಯರೂ ವಾರಕ್ಕೊಂದು ಗಂಟೆಯನ್ನು ಮೀಸಲಿಟ್ಟು, ಅನಾಥವಾದ ಒಂದೊಂದು ಕನ್ನಡದ ದೂರನ್ನು ಕೈಗೆತ್ತಿಕೊಳ್ಳಲಿ. ಛಾರ್ಜು ವಹಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.