‘ಸೋಪ್ ಒಪೇರಾ’ದಲ್ಲಿ ಸೋಪು ಎಲ್ಲಿದೆ?

ಎರಡನೆಯ ವರ್ಷದ ಇಂಗ್ಲಿಷ್ ತರಗತಿಯಲ್ಲಿ ಒಂದು ದಿನ ‘ಸೋಪ್ ಒಪೇರಾ’ ಎಂದರೇನೆಂಬ ಪ್ರಶ್ನೆ ಬಂದಾಗ, ಸಾಬೂನನ್ನು ಹೊಗಳುವ ಹಾಡಿರಬೇಕೆಂದು ಎದ್ದು ನಿಂತು ಹೇಳಿಬಿಟ್ಟೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಇಂತಹ ಮಾತುಗಳ ಅರ್ಥವನ್ನು ಯಾರಲ್ಲಿ ಕೇಳಲಿ? ನಕ್ಕವರಿಗೂ ಉತ್ತರ ತಿಳಿದಿರಲಿಲ್ಲವೆಂಬುದು ಬೇರೆ ಮಾತು. ಅವಮಾನವನ್ನು ನುಂಗಿಕೊಂಡು ಗ್ರಂಥಾಲಯದ ನಿಘಂಟುಗಳನ್ನು ತಿರುವಿಹಾಕತೊಡಗಿದೆ.

ನನ್ನ ಊಹೆ ಪೂರ್ತಿ ತಪ್ಪಾಗಿರಲಿಲ್ಲ! ಟೆಲಿವಿಷನ್ ಮನೆಮನೆಗೆ ಬರುವುದಕ್ಕೆ ಮೊದಲೇ, 1930ರ ದಶಕದ ಅಮೆರಿಕದಲ್ಲಿ, ಹಗಲು ಹೊತ್ತು ರೇಡಿಯೋದಲ್ಲಿ ಸಂಸಾರದ ಕಥೆಗಳು ಕಂತುಕಂತಾಗಿ ಬರುತ್ತಿದ್ದವು. ಕೇಳುವವರು ಹೆಚ್ಚಾಗಿ ಗೃಹಿಣಿಯರು. ಹಣ ಹಾಕುವವರು ಅನೇಕ ವೇಳೆ ಸಾಬೂನು ತಯಾರಕರು. 1933ರಲ್ಲಿ ಆರಂಭವಾದ ‘ಮಾ ಪರ್ಕಿನ್ಸ್’ ಎಂಬ ಕಥೆಯ ಖರ್ಚನ್ನು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು ತನ್ನ ಬಟ್ಟೆ ಒಗೆಯುವ ಪುಡಿ ‘ಆಕ್ಸಿಡಾಲ್’ಗಾಗಿ ವಹಿಸಿತ್ತು. ಒಪೇರಾ ಎಂಬುದಾದರೋ ಯೂರೋಪಿನ ಘನವಾದ ಸಂಗೀತನಾಟಕ. ಕಣ್ಣೀರಿನ ಕಥೆಗೆ ಆ ದೊಡ್ಡ ಹೆಸರನ್ನು ಅಂಟಿಸಿದ್ದು ಕೇವಲ ಕುಚೋದ್ಯಕ್ಕೆ.

ಇದನ್ನು ಅಮ್ಮನಿಗೆ ವಿವರಿಸಿದೆ. ಧಾರಾವಾಹಿ ನೋಡುತ್ತ ಹೂ ಕಟ್ಟುತ್ತಿದ್ದ ಅವಳು, “ಇದಕ್ಕೆ ಅಷ್ಟು ಪುಸ್ತಕ ನೋಡ್ಬೇಕಿತ್ತೇನೆ? ಸೊಸೆ ಅಳೋಕೆ ಶುರು ಮಾಡ್ತಿದ್ದ ಹಾಗೇ ಸೋಪಿನ ಜಾಹೀರಾತು ಬರಲ್ವಾ?” ಎಂದಳು. ನಿಘಂಟುಗಳಿಗಿಂತ ಇದು ಸ್ಪಷ್ಟವಾಗಿತ್ತು.

‘ಪೈಲಟ್’ ಎಂದರೆ ವಿಮಾನ ನಡೆಸುವವನೆಂದಷ್ಟೇ ತಿಳಿದಿದ್ದೆ. ವಿಮಾನಕ್ಕೂ ಮೊದಲು ಅದು ಹಡಗಿಗೆ ದಾರಿ ತೋರುವವನ ಹೆಸರು. ಟೆಲಿವಿಷನ್ನಿನಲ್ಲಿ ಮುಂದಿನ ಕಥೆಗೆ ದಾರಿಯುಂಟೋ ಇಲ್ಲವೋ ಎಂದು ಪರೀಕ್ಷಿಸಲು ತಯಾರಿಸುವ ಮೊದಲ ಕಂತೇ ಪೈಲಟ್. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದಂತೆ.

‘ಸೀಸನ್’ ಎಂಬುದು ನಿಜವಾಗಿ ಋತುವೇ. ಅಮೆರಿಕದಲ್ಲಿ ಹೊಸ ಕಂತುಗಳು ಸೆಪ್ಟೆಂಬರಿನಲ್ಲಿ ತೊಡಗಿ ಮೇ ತಿಂಗಳಿಗೆ ಮುಗಿಯುವುದು ಹಳೆಯ ವಾಡಿಕೆ. ಅದನ್ನೇ ಬ್ರಿಟನ್ನಿನವರು ‘ಸೀರೀಸ್’ ಎನ್ನುತ್ತಾರೆ. ಅಮೆರಿಕದವರಿಗಾದರೋ ಸೀರೀಸ್ ಎಂದರೆ ಆದ್ಯಂತ ಇಡೀ ಕಥೆ. ಅವರವರಲ್ಲೇ ಹೀಗಿರುವಾಗ ನಾವು ತಡವರಿಸಿದರೆ ಏನು ಮಹಾ ಅಪರಾಧ?

‘ಎಪಿಸೋಡ್’ ಎಂಬುದು ಗ್ರೀಕ್ ದುರಂತನಾಟಕದಲ್ಲಿ ಮೇಳದ ಹಾಡುಗಳ ನಡುವೆ ಬರುವ ಭಾಗದ ಹೆಸರಾಗಿತ್ತು. ನಮ್ಮ ‘ಕಂತು’ ಎಂಬ ಮಾತು ಅಪ್ಪನಿಗೆ ಸೊಸೈಟಿಯ ಸಾಲದಿಂದಲೇ ಪರಿಚಿತ. ಯಾವುದಾದರೂ ಧಾರಾವಾಹಿಗೆ ಇಂದು ಕೊನೆಯ ಕಂತೆಂದು ನಾವು ಹೇಳಿದರೆ, “ಅವರದ್ದಾದ್ರೂ ತೀರಿತಲ್ಲ” ಎನ್ನುತ್ತಾರೆ.